ಒಂದು ಕಾಲು, ಒಂದೂಕಾಲು

ಗುಲಾಮ್ ಮೊಹಿದ್ದೀನ್ ಮೇಲಿನ ಶಾಫ್ಟಿಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರು. ಕೆಳಗೆ ಪ್ರೊಪೆಲ್ಲರ್ ಕೂರುವ ಶಾಫ್ಟಿಗೆ ಇನ್ನೊಂದು. ಆಮೇಲೆ ಗೇರಿಗೆ ಹಾಕಿ, ಮೇಲಿನದನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸುತ್ತ ಎಣಿಸಿದರು. ಮೇಲೆ ಮೂರು ಸುತ್ತು ಮುಗಿದಾಗ ಕೆಳಗಿನ ಗೆರೆ ಎರಡು ಸುತ್ತು ಹಾಕಿ ಹೊರಟಲ್ಲಿಗೇ ಬಂದು ನಿಲ್ಲಬೇಕಿತ್ತು. ಅದು ಆ ಜಾಗ ದಾಟಿ ಮುಂದೆ ಹೋಗಿತ್ತು. ಮತ್ತೆ ಮೊದಲಿನಿಂದ ತಿರುಗಿಸಿದರು. ಐದು ಸುತ್ತಿಗೆ ನಾಲ್ಕು.

"ಏನ್ ಸಾಬ್ರೆ, ಈ ವಯಸ್ಸಲ್ಲಿ ಮಗ್ಗಿ ಕಲೀತಿದ್ದೀರಾ?" ಎಂದ ಸತೀಶ್. ಅವನು ಶೆಡ್ಡಿನ ಬಾಗಿಲಲ್ಲಿ ನಿಂತು ಇಡ್ಲಿ ತಿನ್ನುತ್ತಿದ್ದ.

ಅದು ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆ. ಭದ್ರಾವತಿಯಲ್ಲಿ ಹೊಳೆದಂಡೆಗೆ ಹತ್ತಿರದ ಆ ಶೆಡ್ಡು ಸತೀಶನ ಅಣ್ಣ ಜ್ಞಾನೇಶನದು. ಜಲ್ಲಿ ಕ್ರಷರಿನಲ್ಲಿ ದುಡ್ಡು ಮಾಡಿದ ಜ್ಞಾನೇಶ್ ಎರಡು ವರ್ಷದ ಹಿಂದೆ ಮುಂಬೈಯಿಂದ ಹಳೆಯ ರೇಸಿನ ದೋಣಿಯೊಂದನ್ನು ತಂದಿದ್ದ. ಕೆಂಪು ಬಣ್ಣ, ಉದ್ದ ಮೂತಿ, ಲಾರಿ ಎಂಜಿನ್ನನ್ನು ನಾಚಿಸುವ ಎಂಜಿನ್. ಆ ಎಂಜಿನ್ ಇರುವುದು ದೋಣಿಯ ಒಳಗೆ. ಅದರ ಶಕ್ತಿಯನ್ನು ಹಿಂಬದಿಯಿಂದ ನೀರಿಗಿಳಿಸಿ ಪ್ರೊಪೆಲ್ಲರ್ ತಿರುಗಿಸುವ ಭಾಗಕ್ಕೆ ಕಂಪನಿಯ ಪುಸ್ತಕದಲ್ಲಿ ಸ್ಟರ್ನ್‌ಡ್ರೈವ್ ಎಂದು ಹೆಸರು. ಶಿವಮೊಗ್ಗ, ಭದ್ರಾವತಿಯ ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು ಬರೀ ಕಾಲು.

ತಿಂಗಳ ಹಿಂದೆ ದೋಣಿಯ ಹಳೆಯ ಕಾಲು ಭದ್ರೆಯ ಹಿನ್ನೀರಿನಲ್ಲಿ, ಪೂರ್ತಿ ವೇಗದಲ್ಲಿ, ಒಮ್ಮೆಲೇ ಬಿಗಿದು ನಿಂತಿತ್ತು. ದೋಣಿ ಅಡ್ಡ ತಿರುಗಿತು. ಓಡಿಸುತ್ತಿದ್ದ ಬೀರಪ್ಪ ಹೊರಗೆ ಹಾರಿಹೋದ. ಆ ವೇಗದಲ್ಲಿ ನೀರಿಗೂ ಬಂಡೆಗೂ ವ್ಯತ್ಯಾಸವಿರುವುದಿಲ್ಲ. ಮರುದಿನ ಸಿಕ್ಕ ಹೆಣದ ಕತ್ತು ಬೆನ್ನಿನ ಕಡೆಗೆ ಹೊರಳಿತ್ತು.

ಈಗ ಬೀರಪ್ಪನ ಜಾಗಕ್ಕೆ ಬಂದವನು ಸಯೀದ್, ಮೊಹಿದ್ದೀನರ ಮಗಳು ಹುಮಾಳ ಗಂಡ. ಭಾನುವಾರ ದಾವಣಗೆರೆಯವರ ದೋಣಿಯೊಂದರ ಜೊತೆ ಪಂದ್ಯವಿತ್ತು. ಸ್ಟೇರಿಂಗ್ ಹಿಡಿಯುವವನು ಅವನೇ.

ಮೊಹಿದ್ದೀನರಿಗೆ ಐವತ್ನಾಲ್ಕು. ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಎರಕ ಹೊಯ್ಯುತ್ತಿದ್ದವರು. ಎರಕದ ಲೋಹವನ್ನು ಎಲ್ಲಿ ತಟ್ಟಿದರೆ ದನಿ ಬರುತ್ತದೆ, ಎಲ್ಲಿ ಹೊಡೆದರೆ ಒಡೆಯುತ್ತದೆ ಎಂಬುದನ್ನು ಮಗನಿಗೆ ಹೇಳಿಕೊಟ್ಟಿದ್ದು ಅವರೇ. ಮಗ ಮಲವಗೊಪ್ಪದಲ್ಲಿ ಗ್ಯಾರೇಜು ಹಾಕಿದರು. ಟ್ರ್ಯಾಕ್ಟರು, ಪಂಪ್‌ಸೆಟ್ಟು, ಅಡಿಕೆ ಸುಲಿಯುವ ಮಷೀನು, ಯಾವುದಕ್ಕೂ ಇಲ್ಲ ಎನ್ನಲಿಲ್ಲ. ಹಿನ್ನೀರಿಗೆ ಪ್ರವಾಸಿಗಳು ಬರತೊಡಗಿದ ಮೇಲೆ ದೋಣಿಗಳೂ ಬಂದವು. ಹದಿನೇಳು ವರ್ಷದಲ್ಲಿ ನಲವತ್ತಕ್ಕೂ ಹೆಚ್ಚು ಕಾಲುಗಳನ್ನು ಬಿಚ್ಚಿ ಜೋಡಿಸಿದ್ದಾರೆ. ಎಣ್ಣೆಯನ್ನು ಬೆರಳಿನಲ್ಲಿ ಉಜ್ಜಿ ನೋಡುತ್ತಾರೆ, ಒಳಗೆ ಗಾಳಿ ತುಂಬಿ ಸೋಪಿನ ನೀರಲ್ಲಿ ಗುಳ್ಳೆ ಏಳುತ್ತದೆಯೇ ಎಂದು ಕಾಯುತ್ತಾರೆ, ಕೊನೆಗೆ ಸೀಮೆಸುಣ್ಣ ಹಿಡಿದು ಎಣಿಸುತ್ತಾರೆ. ಬಿಲ್ಲಿನಲ್ಲಿ ಬರೆದದ್ದನ್ನು ನಂಬುವುದಿಲ್ಲ.

ಈ ಸಲದ ತಪ್ಪು ಮಾತ್ರ ಅವರ ಬಾಯಿಂದಲೇ ಹೊರಟಿತ್ತು. ಹತ್ತು ದಿನದ ಹಿಂದೆ ಜ್ಞಾನೇಶ್ ಮುಂಬೈಯ ಹಳೆ ಸಾಮಾನಿನ ಗೋದಾಮಿನಿಂದ ಫೋನ್ ಮಾಡಿದ್ದ. ಒಂದೇ ಅಳತೆಯ ಎರಡು ಕಾಲು ಅಲ್ಲಿದ್ದವು. ಮೇಲಿನ ಶಾಫ್ಟು ಒಂದೂವರೆ ಸುತ್ತು ತಿರುಗಿದರೆ ಕೆಳಗೆ ಒಂದು ಸುತ್ತು, ಅದು ಮೊದಲನೆಯದು, ಹಳೆಯ ಕಾಲಿನ ಹಾಗೆಯೇ. ಎರಡನೆಯದರಲ್ಲಿ ಒಂದೂಕಾಲಿಗೇ ಒಂದು ಸುತ್ತು. "ಎರಡಿದಾವೆ ಸಾಬ್ರೆ, ಯಾವುದು ತರ್ಲಿ?" ಎಂದು ಎರಡರ ಸುತ್ತಿನ ಲೆಕ್ಕವನ್ನೂ ಹೇಳಿ ಅವನು ಕೇಳಿದ್ದ. ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದ ಮೊಹಿದ್ದೀನರ ಕಿವಿಗೆ ಬಿದ್ದದ್ದು ಎರಡು ಎಂಬ ಮಾತು ಮಾತ್ರ. "ಎರಡ್ಯಾಕೆ ಅಣ್ಣಾ, ಒಂದ್ ಕಾಲು ಸಾಕು" ಎಂದಿದ್ದರು. ಜ್ಞಾನೇಶ್ ಒಂದೂಕಾಲಿನದನ್ನು ಕಟ್ಟಿಸಿಕೊಂಡು ಬಂದ.

ಶೆಡ್ಡಿಗೆ ಬಂದ ಜ್ಞಾನೇಶನಿಗೆ ಅವರು ಇದನ್ನೆಲ್ಲ ಬಿಡಿಸಿ ಹೇಳಿದರು. ಅವನು ಮೊದಲು ನಕ್ಕ.

"ಜಾಸ್ತಿ ತಿರುಗುತ್ತೆ ಅಂದ್ರೆ ಜಾಸ್ತಿ ಓಡುತ್ತೆ ತಾನೆ? ಒಳ್ಳೇದೇ ಆಯ್ತಲ್ಲ ಮಾರಾಯ."

"ಹಳೇ ಕಾಲಲ್ಲೇ ದೋಣಿ ಮೂತಿ ಎತ್ತುತ್ತಿತ್ತು. ಬೀರಪ್ಪ ಎಷ್ಟು ಸಲ ಹೇಳಿದ್ದ ನಿಮಗೆ. ಇದನ್ನ ಹಾಕಿದ್ರೆ ತಳಕ್ಕೆ ಗಾಳಿ ನುಗ್ಗಿ ಹಿಂದಕ್ಕೆ ಮಗುಚುತ್ತೆ. ಕಡಿಮೆ ಪಿಚ್ಚಿನ ಪ್ರೊಪೆಲ್ಲರ್, ಅಂದ್ರೆ ಸುತ್ತಿಗೆ ಕಮ್ಮಿ ದೂರ ತಳ್ಳೋದು, ತರಿಸಿ, ಇಲ್ಲಾ ಕಾಲು ಬದಲಾಯಿಸಿ. ಒಂದು ವಾರ ಕೊಡಿ."

"ಭಾನುವಾರ ಸಾಬ್ರೆ. ಊರಿಗೆಲ್ಲ ಹೇಳಿಯಾಗಿದೆ."

"ನಾನು ಕೂರಿಸಲ್ಲ."

"ನೀವಿಲ್ಲದಿದ್ರೆ ಮೆಕ್ಯಾನಿಕ್ ರಾಮಚಂದ್ರಪ್ಪ ಕೂರಿಸ್ತಾನೆ. ಇರೋದು ಆರು ನಟ್ಟು."

ಅದು ನಿಜ. ಆರು ನಟ್ಟು ಬಿಗಿಯಲು ಭದ್ರಾವತಿಯಲ್ಲಿ ಯಾರು ಬೇಕಾದರೂ ಸಿಗುತ್ತಾರೆ. ಜ್ಞಾನೇಶನಿಗೆ ಬೇಕಾಗಿದ್ದು ಬೇರೆ. ದೋಣಿಯ ಪಕ್ಕದಲ್ಲಿ ನಿಂತಿದ್ದ ಸಯೀದ್ ಮಾವನ ಮುಖವನ್ನೇ ನೋಡುತ್ತಿದ್ದ. ಬೀರಪ್ಪನ ಹೆಣ ಎತ್ತಿದವರಲ್ಲಿ ಅವನೂ ಒಬ್ಬ. ಮೊಹಿದ್ದೀನ್ ಆಗುತ್ತೆ ಎಂದರೆ ಹತ್ತುತ್ತಾನೆ, ಆಗಲ್ಲ ಎಂದರೆ ಇಲ್ಲ.

"ಹುಡುಗನಿಗೆ ಹೇಳಿ, ಆಗುತ್ತೆ ಅಂತ" ಎಂದ ಜ್ಞಾನೇಶ್.

"ನಕ್ಕೋ ಸಯೀದ್. ಹತ್ತಬೇಡ."

ಸತೀಶ್ ಇಡ್ಲಿಯ ಎಲೆ ಬಿಸಾಡಿ, ಕೈ ಒರೆಸಿಕೊಂಡು ಬಂದು ಮೊಹಿದ್ದೀನರ ಕೆನ್ನೆಗೆ ಹೊಡೆದ. ಅವರು ಬೆಂಚಿನ ಮೇಲೆ ಬಿದ್ದರು. ಕ್ರಷರಿನ ಇಬ್ಬರು ಆಳುಗಳು ಸಯೀದನ ತೋಳು ತಿರುಚಿ ಗೋಡೆಗೆ ಒತ್ತಿದರು. ಬೆಂಚಿನ ತುದಿಯಲ್ಲಿ ಕಬ್ಬಿಣದ ವೈಸ್ ಇತ್ತು, ಪೈಪು ಕಚ್ಚಿಸಿ ಹಿಡಿಯುವಂಥದ್ದು. ಸತೀಶ್ ಅವರ ಎಡಗೈಯನ್ನು ಎಳೆದು ಬೆರಳುಗಳನ್ನು ಅದರ ಬಾಯಿಗೆ ತೂರಿಸಿ ಹಿಡಿಕೆ ತಿರುಗಿಸಿದ.

"ಕಾಲ್ ಕಾಲು ಸುತ್ತು ತಿರುಗಿಸ್ತೀನಿ ಸಾಬ್ರೆ. ಈ ಸಲ ಸರಿಯಾಗಿ ಎಣಿಸಿ."

ಮೊದಲ ಕಾಲು ಸುತ್ತಿಗೆ ಉಗುರುಗಳು ಕಪ್ಪಾದವು. ಎರಡನೆಯದಕ್ಕೆ ಉಂಗುರದ ಬೆರಳಿನ ಚರ್ಮ ಬಿರಿದು ರಕ್ತ ಬೆಂಚಿನ ಮೇಲಿದ್ದ ಎಣ್ಣೆಗೆ ಹರಿಯಿತು. ಮೊಹಿದ್ದೀನರ ಬಾಯಿಂದ ಹೊರಟದ್ದು ಮಾತಾಗಿರಲಿಲ್ಲ.

"ಹೇಳ್ಬಿಡಿ ಮಾಮು" ಎಂದು ಸಯೀದ್ ಗೋಡೆಯ ಕಡೆಯಿಂದ ಕೂಗಿದ. "ನಾನು ಹೋಗ್ತೀನಿ. ನಿಧಾನಕ್ಕೆ ಓಡಿಸ್ತೀನಿ."

ಅವನು ನಿಧಾನಕ್ಕೆ ಓಡಿಸುವವನಲ್ಲ. ಮದುವೆಯ ದಿನ ಬೈಕಿನಲ್ಲಿ ಆಯನೂರಿನಿಂದ ಶಿವಮೊಗ್ಗಕ್ಕೆ ಹನ್ನೆರಡು ನಿಮಿಷದಲ್ಲಿ ಬಂದು, ಅದನ್ನು ಹೆಣ್ಣಿನ ಕಡೆಯವರ ಎದುರಿಗೇ ಹೇಳಿಕೊಂಡಿದ್ದ.

ಮೂರನೆಯ ಕಾಲು ಸುತ್ತಿಗೆ ಮೂಳೆ ಮುರಿದ ಸದ್ದು ಶೆಡ್ಡಿನಲ್ಲಿದ್ದ ಎಲ್ಲರಿಗೂ ಕೇಳಿಸಿತು.

"ಆಗುತ್ತೆ" ಎಂದರು ಮೊಹಿದ್ದೀನ್.

"ಜೋರಾಗಿ ಹೇಳಿ."

"ಆಗುತ್ತೆ."

ಸತೀಶ್ ವೈಸ್ ಸಡಿಲಿಸಿದ. ಜ್ಞಾನೇಶ್ ಅವರ ಹೆಗಲು ತಟ್ಟಿ, "ಇಷ್ಟು ಮೊದಲೇ ಅಂದಿದ್ರೆ ಆಗ್ತಿತ್ತು. ಆಸ್ಪತ್ರೆ ಖರ್ಚು ನಂದು" ಎಂದು, ರಾಮಚಂದ್ರಪ್ಪನಿಗೆ ಫೋನ್ ಮಾಡಲು ಹೊರಗೆ ಹೋದ. ಆಳುಗಳು ಸಯೀದನನ್ನು ಬಿಟ್ಟರು. ಅವನು ಮಾವನ ಕಡೆಗೆ ಬಂದು, ತಲೆವಸ್ತ್ರ ಬಿಚ್ಚಿ ಕೈಗೆ ಸುತ್ತತೊಡಗಿದ.

"ಆಗುತ್ತೆ ಅಂದ್ರಲ್ಲ ಮಾಮು. ಸಾಕು ಬಿಡಿ."

ಮೊಹಿದ್ದೀನ್ ಅವನ ಮುಖ ನೋಡಿದರು. ಅವನು ನಂಬಿದ್ದ.

ಗೋಡೆಗೆ ಹತ್ತು ಪೌಂಡಿನ ಸುತ್ತಿಗೆ ಒರಗಿತ್ತು. ಅವರು ಅದನ್ನು ಬಲಗೈಯಲ್ಲಿ ಎತ್ತಿಕೊಂಡು, ಮುರಿದ ಎಡಗೈಯ ಮಣಿಕಟ್ಟಿನ ಮೇಲೆ ಹಿಡಿಕೆಯನ್ನು ಆನಿಸಿ, ಸ್ಟ್ಯಾಂಡಿನ ಮೇಲಿದ್ದ ಕಾಲಿನ ಹತ್ತಿರ ಹೋದರು. ಎರಕದ ಅಲ್ಯೂಮಿನಿಯಂ. ಬೇರಿಂಗ್ ಕೂರುವ ಬಾಯಿಯ ಹತ್ತಿರ ದಪ್ಪ ಭಾಗ ತೆಳುವಾಗುವ ಒಂದು ಅಂಚಿರುತ್ತದೆ. ಮೊದಲ ಏಟು ಅಲ್ಲಿಗೇ ಬಿತ್ತು. ಬಿರುಕು ಬಿಟ್ಟಿತು. ಎರಡನೆಯ ಏಟಿಗೆ ಅಂಗೈಯಗಲದ ಚೂರು ಕಳಚಿ ಸತೀಶನ ಕಾಲ ಬುಡದಲ್ಲಿ ಬಿತ್ತು. ಮೂರನೆಯದನ್ನು ಒಳಗಿನ ಗೇರಿನ ಮೇಲೆಯೇ ಹಾಕಿದರು. ಗೇರಿನ ಹಲ್ಲುಗಳು ಸಿಡಿದು ತಗಡಿನ ಗೋಡೆಗೆ ಬಡಿದವು.

ನಾಲ್ಕನೆಯದಕ್ಕೆ ಅವಕಾಶ ಸಿಗಲಿಲ್ಲ. ಸತೀಶ್ ಕಬ್ಬಿಣದ ರಾಡಿನಿಂದ ಬೆನ್ನಿಗೆ ಹೊಡೆದ. ಅವರು ಬಿದ್ದ ಮೇಲೂ ಹೊಡೆದ. ಫೋನ್ ಕಿವಿಗಿಟ್ಟುಕೊಂಡೇ ಒಳಗೆ ಓಡಿಬಂದ ಜ್ಞಾನೇಶ್ ಒಡೆದ ಕಾಲನ್ನು ನೋಡಿದ, ಮೊಹಿದ್ದೀನರ ಮುಖಕ್ಕೆ ಬೂಟಿನಲ್ಲಿ ಒದ್ದ. ಸಯೀದ್ ಮಾವನ ಮೇಲೆ ಕವುಚಿ ಮಲಗಿದ. ಮುಂದಿನ ಏಟುಗಳು ಅವನ ಬೆನ್ನಿನ ಮೇಲೆ ಬಿದ್ದವು. ರಸ್ತೆಯ ಆಚೆ ಕಬ್ಬಿನ ಹಾಲು ಮಾರುತ್ತಿದ್ದ ಹೆಂಗಸು ಬಂದು ಬಾಗಿಲಲ್ಲಿ ನಿಂತು, "ಸತ್ರೆ ನಿಮ್ಮ ತಲೆಗೇ ಬರುತ್ತೆ ಕಣ್ರೋ" ಎಂದ ಮೇಲೆ ಏಟು ನಿಂತವು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಮೊಹಿದ್ದೀನರ ಎರಡು ಬೆರಳು ತೆಗೆದರು. ಮೂರು ಪಕ್ಕೆಲುಬು ಮುರಿದಿದ್ದವು, ಮುಂದಿನ ನಾಲ್ಕು ಹಲ್ಲು ಇರಲಿಲ್ಲ. ಸಯೀದನ ಹೆಗಲಿನ ಮೂಳೆ ಬಿರುಕು ಬಿಟ್ಟಿತ್ತು. ಭಾನುವಾರ ಹಿನ್ನೀರಿನಲ್ಲಿ ದಾವಣಗೆರೆಯವರ ದೋಣಿಯೊಂದೇ ಓಡಿತು. ಹುಮಾ ಆ ಹೊತ್ತಿಗೆ ವಾರ್ಡಿನಲ್ಲಿ ಅಪ್ಪನಿಗೆ ಗಂಜಿ ಕುಡಿಸುತ್ತಿದ್ದಳು, ಪಕ್ಕದ ಹಾಸಿಗೆಯಲ್ಲಿ ಗಂಡ ಗೊರಕೆ ಹೊಡೆಯುತ್ತಿದ್ದ.

ಠಾಣೆಯಲ್ಲಿ ಎರಡೂ ಕಡೆಯ ದೂರು ದಾಖಲಾಗಿವೆ. ಜ್ಞಾನೇಶನ ದೂರಿನ ಮೇಲೆ ಹೇಳಿಕೆ ಕೊಡಲು ಗುಲಾಮ್ ಮೊಹಿದ್ದೀನ್ ಬರುವ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಭದ್ರಾವತಿಗೆ ಹೋಗಬೇಕು.