ಕೆರೆಯ ಓಣಿಗೆ ಅಡ್ಡ ನಿಂತ ಬಸ್ಸು

ಬಸ್ಸಿನ ಹಿಂದಿನ ಗಾಲಿಗೆ ಒತ್ತಾಗಿ ಕೊಟ್ಟಿದ್ದ ಕಲ್ಲಿನಲ್ಲಿ ಕೆತ್ತಿದ ಆನೆಯ ಒಂದು ಕಾಲು ಇತ್ತು. ಕಾಲಿಗೊಂದು ಗೆಜ್ಜೆ, ಗೆಜ್ಜೆಯ ಸಂದುಗಳಲ್ಲಿ ಪಾಚಿ. ಹಳೇಬೀಡಿನಲ್ಲಿ ಇದು ಬೆರಗಿನ ಸಂಗತಿಯಲ್ಲ. ನಮ್ಮಲ್ಲಿ ಬಟ್ಟೆ ಒಗೆಯುವ ಕಲ್ಲನ್ನು ಮಗುಚಿದರೂ ಲತೆಯೊಂದು ಕಂಡೀತು. ಪ್ರವಾಸಿಗರು ಗುಡಿಯ ಮುಂದೆ ನಿಂತು ಉದ್ಗರಿಸುವಾಗ ನಾನು ಅವರ ವಾಹನಗಳ ಮೇಲೇ ಕಣ್ಣಿಟ್ಟಿರುತ್ತಿದ್ದೆ. ಗುಡಿ ಎಲ್ಲಿಗೂ ಹೋಗದು, ವಾಹನ ಎಲ್ಲಿ ಬೇಕಾದರೂ ನಿಂತೀತು.

ಆ ಸಂಜೆ ಬಸ್ಸು ನಿಂತದ್ದು ಕೆರೆಗೆ ಇಳಿಯುವ ಓಣಿಯ ಬಾಯಿಗೆ. ಎರಡು ತೆಂಗಿನ ತೋಟಗಳ ಬೇಲಿಯ ನಡುವಿನ ಆ ಓಣಿ ಯಾರದೂ ಅಲ್ಲ, ಆದ್ದರಿಂದ ಎಲ್ಲರದು. ಮರುದಿನ ನನ್ನ ಅಕ್ಕನ ಮದುವೆ. ಮದುವಣಗಿತ್ತಿಯ ಸ್ನಾನಕ್ಕೆ ಕೆರೆಯಿಂದ ಗಂಗೆ ತರುವುದು ನಮ್ಮ ಮನೆಯ ಪದ್ಧತಿ. ತುಂಬಿದ ಬಿಂದಿಗೆಯನ್ನು ಮನೆ ಮುಟ್ಟುವವರೆಗೆ ನೆಲಕ್ಕಿಳಿಸುವಂತಿಲ್ಲ, ಕೆರೆಯ ಕಡೆಗೆ ಹಿಂದಿರುಗುವಂತಿಲ್ಲ. ಜಾವಗಲ್ಲಿನ ಗಂಡಿನ ಈ ಸಂಬಂಧ ಒಮ್ಮೆ ಮುರಿದು, ಹೇಗೋ ಮತ್ತೆ ಕೂಡಿಬಂದಿತ್ತು. ಅಂದಿನಿಂದ ಹಲ್ಲಿ ಲೊಚಗುಟ್ಟಿದರೂ ಅಮ್ಮ ಬೆಚ್ಚುತ್ತಿದ್ದಳು. ನಾವು ಮನೆಯ ಹೆಂಗಸರು ಇಳಿಯುವಾಗ ತೆರೆದಿದ್ದ ಓಣಿ ಬಿಂದಿಗೆ ತುಂಬಿಕೊಂಡು ಮರಳುವಾಗ ಮುಚ್ಚಿತ್ತು. ಬಸ್ಸಿಗೂ ಬೇಲಿಗೂ ನಡುವೆ ಒಬ್ಬರು ಅಡ್ಡಡ್ಡವಾಗಿ ನುಸುಳಬಹುದು, ಬಿಂದಿಗೆ ನುಸುಳದು. ಗುಡಿ ಸುತ್ತಿ ದಣಿದ ಪ್ರಯಾಣಿಕರು ಒಳಗೆ ಕುಳಿತಿದ್ದರು, ಡ್ರೈವರ್ ಕಾಫಿಗೆ ಹೋಗಿದ್ದ.

“ಯಾವನ್ಲಾ ಅವ್ನು, ದಾರಿ ಬಾಯ್ಗೆ ಬಿರಡೆ ಹಾಕ್ದಂಗೆ ಗಾಡಿ ನಿಲ್ಸಿರೋನು!” ಎಂದು ದೊಡ್ಡಮ್ಮ ಗುಡುಗಿದರು.

“ಏರಿ ಮ್ಯಾಲಿಂದ ಸುತ್ಕೊಂಡು ಹೋಗಾಣ ಕಣಕ್ಕ,” ಎಂದಳು ಅತ್ತೆ.

“ಗಂಗಮ್ಮನ್ನ ಕರ್ಕೊಂಡ್ ಬಂದು ಅರ್ಧ ದಾರೀಲಿ ವಾಪಸ್ ಕಳಿಸ್ತಾರೇನೇ? ಸುಮ್ಕಿರು.”

ಅಮ್ಮನ ಸೊಂಟದ ಮೇಲಿನ ಬಿಂದಿಗೆ ಜಾರತೊಡಗಿತ್ತು. ಸ್ನಾತಕೋತ್ತರ ಪದವೀಧರೆಯಾದ ನಾನು, ಡ್ರೈವರನಿಗೆ ಹೇಳಬೇಕಾದ ಸೌಜನ್ಯಪೂರ್ಣ ವಾಕ್ಯವೊಂದನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದೆ.

ಅಷ್ಟರಲ್ಲಿ ಕಿಟಕಿಯೊಂದು ಸರಿದು, ಮಲ್ಲಿಗೆ ಮುಡಿದ ಹೆಂಗಸೊಬ್ಬರು ಇಣುಕಿದರು. ಕರಾವಳಿಯವರೆಂದು ಮಾತೇ ಹೇಳಿತು. “ನಮ್ಮಲ್ಲಿಯೂ ಇದೇ ಕತೆ ಮಾರಾಯ್ತಿ. ಕಡಲಿಗೆ ಇಳಿಯುವ ದಾರಿಗೇ ವ್ಯಾನು ತಂದು ನಿಲ್ಲಿಸ್ತಾರೆ, ದೋಣಿಯವರು ಬಲೆ ಹೊತ್ತುಕೊಂಡು ಕಾಯಬೇಕು. ಕೊಡಿ ಇಲ್ಲಿ,” ಎಂದು ಎರಡೂ ಕೈ ಚಾಚಿದರು.

ಅಮ್ಮ ದೊಡ್ಡಮ್ಮನ ಮುಖ ನೋಡಿದಳು.

“ನೆಲಕ್ಕಿಡಬಾರ್ದು ಅಂತೈತೆ. ಕೈ ಬದಲಾಯಿಸ್ಬಾರ್ದು ಅಂತ ಎಲ್ಲೈತೆ? ಕೊಡೇ!”

ಬಿಂದಿಗೆಗಳು ಒಂದೊಂದಾಗಿ ಬಸ್ಸಿನೊಳಕ್ಕೆ ಹೋದವು; ಕೈ ಖಾಲಿಯಾದವರು ಒಬ್ಬೊಬ್ಬರಾಗಿ ನುಸುಳಿ ರಸ್ತೆಯ ಕಡೆ ನಿಂತೆವು. ಬಳೆಯ ಕೈ, ಗಡಿಯಾರದ ಕೈ, ಬಲೆಯೆಳೆದು ಒರಟಾದ ಕೈ, ಹೀಗೆ ನೀರು ಸೀಟಿನಿಂದ ಸೀಟಿಗೆ ದಾಟುತ್ತಿತ್ತು. ತುಳುಕಿದ ಹನಿಯನ್ನು ಮುದುಕರೊಬ್ಬರು ಕಣ್ಣಿಗೊತ್ತಿಕೊಂಡರು. ಓದುಗರೇ, ನಮ್ಮ ಗುಡಿಯ ಗೋಡೆಯ ಆನೆಗಳಲ್ಲಿ ಒಂದರಂತೆ ಇನ್ನೊಂದಿಲ್ಲ, ಆದರೂ ಸಾಲು ಮುರಿದಿಲ್ಲ ಎಂದು ಗೈಡುಗಳು ಹೇಳುವುದನ್ನು ಬಾಲ್ಯದಿಂದ ಆಕಳಿಸುತ್ತಲೇ ಕೇಳಿದ್ದೆ. ಅದರ ಅರ್ಥ ನನಗೆ ಹೊಳೆದದ್ದು ಆ ಬಸ್ಸಿನ ಕಿಟಕಿಯಲ್ಲಿ. ಅಮ್ಮನ ಬಿಂದಿಗೆ ರಸ್ತೆಯ ಕಡೆಯ ಕಿಟಕಿಯಿಂದ ನನ್ನ ಕೈಗಿಳಿದಾಗ ಅದರ ಬಾಯಲ್ಲಿದ್ದ ವೀಳ್ಯದೆಲೆಯೂ ಕದಲಿರಲಿಲ್ಲ. ಅಪರಿಚಿತರ ಮೈ ಸೋಕಿದರೆ ಮುದುಡುವ ನಾನು, ಅದನ್ನು ಇಳಿಸಿಕೊಟ್ಟ ಬೆರಳುಗಳನ್ನು ಒಂದು ಕ್ಷಣ ಬಿಡದೆ ಹಿಡಿದಿದ್ದೆ.

ಕಾಫಿ ಮುಗಿಸಿ ಬಂದ ಡ್ರೈವರ್ ಕಣ್ಣರಳಿಸಿದ. “ಏನ್ರಮ್ಮಾ ಇದು, ನನ್ ಗಾಡಿ ತುಂಬಾ ನೀರು!”

“ನಿನ್ ಗಾಡಿ ಪುಣ್ಯ ಮಾಡೈತೆ ಕಣಪ್ಪ, ಒರೆಸ್ಕೊ,” ಎಂದು ದೊಡ್ಡಮ್ಮ ಹಿಂದಿರುಗಿಯೂ ನೋಡದೆ ನಡೆದರು.

ಮರುದಿನ ಬೆಳಿಗ್ಗೆ ಆ ನೀರು ಅಕ್ಕನ ತಲೆಯ ಮೇಲೆ ಬಿದ್ದಾಗ ಅಮ್ಮ ಬಹಳ ದಿನಗಳ ಮೇಲೆ ನಕ್ಕಳು. ಬಿಂದಿಗೆಯ ತಳದಲ್ಲಿ ಉಳಿದದ್ದನ್ನು ಹಿಡಿದು ನಾನೊಬ್ಬಳೇ ಓಣಿಗೆ ಹೋದೆ. ಬಸ್ಸು ಹೋಗಿತ್ತು, ಕಲ್ಲು ಉಳಿದಿತ್ತು. ದನಗಳು ಎರಡೂ ಬದಿಗೆ ಸರಿದುಹೋಗುವಷ್ಟು ಜಾಗ ಬಿಟ್ಟು ಅದನ್ನು ಓಣಿಯ ಬಾಯಲ್ಲಿ ನೆಟ್ಟಗೆ ನಿಲ್ಲಿಸಿ, ನೀರೆರೆದು, ಆನೆಯ ಕಾಲಿಗೆ ಅರಿಶಿನ ಕುಂಕುಮ ಹಚ್ಚಿದೆ. ಕುಂಕುಮವಿರುವ ಕಲ್ಲಿಗೆ ಗಾಲಿ ತಾಗಿಸುವ ಡ್ರೈವರ್ ಇನ್ನೂ ಹುಟ್ಟಿಲ್ಲ ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ಹಚ್ಚಿಯಾದ ಮೇಲೆ, ಅತ್ತಿತ್ತ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು ಕೈಮುಗಿದದ್ದು ಮಾತ್ರ ಆ ಲೆಕ್ಕದಲ್ಲಿರಲಿಲ್ಲ.