ಅಕ್ಕ ಒತ್ತುತ್ತಿದ್ದ ‘ಯೆಸ್’

ಬಣಕಲ್ ರಸ್ತೆಯಲ್ಲಿ ನಮ್ಮ ಪಕ್ಕದ ಎಸ್ಟೇಟಿನ ಅಕ್ಕನಿಗೆ ಯಾರಿಗೂ ‘ಇಲ್ಲ’ ಎಂದು ಹೇಳಿ ಗೊತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಯಾವ ಪಾಪ್‌ಅಪ್ ಬಂದರೂ ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು ‘ಯೆಸ್’ ಒತ್ತುತ್ತಿದ್ದರು. “ಪಾಪ, ಅಷ್ಟು ಕೇಳ್ತಿದ್ದಾರಲ್ಲ!” ಆಂಟಿವೈರಸ್ ಆಫ್ ಮಾಡಲೇ ಎಂದು ಕೇಳಿದರೂ ಯೆಸ್! ಎಷ್ಟು ಹೇಳಿದರೂ ನೋ ಯೂಸ್. ತೀರಿಕೊಂಡ ಯಜಮಾನರ ಫೋಟೊಗಳೆಲ್ಲ ಆ ಕಂಪ್ಯೂಟರಿನಲ್ಲೇ ಇದ್ದವು. ಆಲ್ಬಮ್ಮನ್ನು ಎಂದೋ ಬೂಷ್ಟು ತಿಂದಿತ್ತು.

ಒಂದು ಮಧ್ಯಾಹ್ನ ನಾನು ಹೋದಾಗ ಸ್ಕ್ರೀನಿನ ಮೇಲೆ ಮೌಸಿನ ಬಾಣ ತಾನೇ ತಾನಾಗಿ ಓಡಾಡುತ್ತಿತ್ತು. ಅಕ್ಕ ಫೋನ್ ಹಿಡಿದು ನಿಂತಿದ್ದರು.

“ಕಂಪನಿಯವ್ರಂತೆ ಮಾರಾಯ್ತಿ, ವೈರಸ್ ಕ್ಲೀನ್ ಮಾಡ್ತಿದ್ದಾರೆ. ಪಾಪ, ಇನ್ನೂ ಊಟಾನೇ ಆಗಿಲ್ವಂತೆ.”

ಬಾಣ ಫೋಟೊಗಳ ಫೋಲ್ಡರಿನ ಮೇಲೆ ಬಂದು ನಿಂತಿತು.

“ಅಯ್ಯೋ ಅಕ್ಕಾ, ಅವ್ನು ಕಳ್ಳ!” ಎಂದು ಕೂಗಿ ನಾನು ನೆಟ್ಟಿನ ವೈರನ್ನೇ ಕಿತ್ತೆ. ಫೋಲ್ಡರ್ ತೆರೆದು ನೋಡಿದರೆ, ಥ್ಯಾಂಕ್ ಗಾಡ್, ಯಜಮಾನರು ನಗುತ್ತಲೇ ಇದ್ದರು.

ಅಕ್ಕ ಮಾತ್ರ ಇನ್ನೂ ಫೋನಿನಲ್ಲೇ ಇದ್ದರು. “ತಪ್ಪು ತಿಳ್ಕೋಬೇಡಿ, ನಮ್ಮ ಪಕ್ಕದವ್ರಿಗೆ ಸ್ವಲ್ಪ ಕೋಪ ಜಾಸ್ತಿ. ನೀವು ಮೊದ್ಲು ಊಟ ಮಾಡಿ.”

ನಾನು ಆ ವೈರನ್ನು ಸುತ್ತಿ ಹ್ಯಾಂಡ್‌ಬ್ಯಾಗಿಗೆ ಹಾಕಿಕೊಂಡು ಮನೆಗೆ ಬಂದೆ. ಅಕ್ಕ ಇರುವವರೆಗೂ ಅದನ್ನು ವಾಪಸ್ ಕೊಡಲಿಲ್ಲ. ಅವರೂ ಕೇಳಲಿಲ್ಲ.