ಹಂದಿಗಳ ಕರುಳು, ಮಿಸಾವೊಳ ಕರುಳು

ಹಂದಿಗಳು ಮಲ ವಿಸರ್ಜಿಸುವುದನ್ನು ಕಾಯುವುದು ಹಿದಕಾ ಮಿಸಾವೊಳ ಕೆಲಸವಾಗಿತ್ತು. ಜಪಾನಿನ ಕಾಗೊಶಿಮಾದ ನಮ್ಮ ವೈದ್ಯಕೀಯ ಕಾಲೇಜಿನ ಹಿಂಭಾಗದ ಪ್ರಾಣಿಶಾಲೆಯಲ್ಲಿ ಹದಿನೇಳು ವರ್ಷ ಅದನ್ನೇ ಮಾಡಿದಳು. ನಾನು ಪಕ್ಕದ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಅಂಗಾಂಶ ಕತ್ತರಿಸಿ ಕೊಡುವವಳು.

ಹಂದಿಗಳು ಡಾಕ್ಟರ್ ಕುವಹಾತಾ ಅವರವು. ಕರುಳಿನ ಕೆಟ್ಟ ಭಾಗ ತೆಗೆದು ತುದಿಗಳನ್ನು ಸೇರಿಸಿ ಹೊಲಿದರೆ ಕೆಲವರಲ್ಲಿ ಆ ಹೊಲಿಗೆ ಸೋರುತ್ತದೆ, ಜೀವಕ್ಕೇ ಕುತ್ತಾಗುತ್ತದೆ. ಚರ್ಮದಡಿಯ ಕೊಬ್ಬಿನಿಂದ ಜೀವಕೋಶ ತೆಗೆದು, ಮೂರು ವಾರ ಬೆಳೆಸಿ, ಹಾಲಿನ ಕೆನೆಯಷ್ಟು ತೆಳುವಾದ ಹಾಳೆ ಮಾಡಿ ಹೊಲಿಗೆಗೆ ಹೊದಿಸಿದರೆ ಗಾಯ ಚೆನ್ನಾಗಿ ಕೂಡುತ್ತದೆಯೇ ಎಂದು ಅವರು ಪರೀಕ್ಷಿಸುತ್ತಿದ್ದರು. ಅರ್ಧ ಹಂದಿಗಳಿಗೆ ಹಾಳೆ, ಅರ್ಧಕ್ಕೆ ಬರೀ ಹೊಲಿಗೆ. ಯಾವುದಕ್ಕೆ ಯಾವುದೆಂದು ಮಿಸಾವೊಗೆ ಹೇಳುತ್ತಿರಲಿಲ್ಲ. ಹದಿನಾಲ್ಕನೆಯ ದಿನ ಹಂದಿಯನ್ನು ಕೊಂದು ಹೊಲಿಗೆಯ ತುಂಡನ್ನು ನನಗೆ ಕಳಿಸುತ್ತಿದ್ದರು.

ಒಂದು ಬೆಳಿಗ್ಗೆ ಮಿಸಾವೊ, "ಡಾಕ್ಟ್ರೇ, ಆರನೇದು ಸೋರ್ತಿದೆ" ಅಂದಳು.

"ಜ್ವರ ಇಲ್ವಲ್ರೀ."

"ಗೆಣಸು ತೋರ್ಸಿದ್ರೆ ಬೆನ್ನು ತಿರುಗಿಸ್ತು."

ಸಂಜೆಯೊಳಗೆ ಜ್ವರ ಬಂತು. ಮರುದಿನದಿಂದ ಕುವಹಾತಾ ಅವರ ಪಟ್ಟಿಯಲ್ಲಿ ಗೆಣಸಿಗೂ ಒಂದು ಕಾಲಂ ಬಂತು.

ಅರವತ್ತೊಂದನೆಯ ವಯಸ್ಸಿನಲ್ಲಿ ಮಿಸಾವೊಳ ಮಲದಲ್ಲೇ ರಕ್ತ ಕಾಣಿಸಿತು. ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ಹಂದಿಯಾಗಿದ್ದರೆ ಅದೇ ದಿನ ಬರೆದಿಡುತ್ತಿದ್ದಳು. ಕೊನೆಗೆ ಪರೀಕ್ಷೆ ಮಾಡಿಸಿದಾಗ ಕರುಳಿನ ಕ್ಯಾನ್ಸರ್ ಎಂದು ತಿಳಿಯಿತು. ಅಷ್ಟರಲ್ಲಿ ಕುವಹಾತಾ ಅವರ ಪ್ರಯೋಗ ಮನುಷ್ಯರ ಮೇಲೆ ಶುರುವಾಗಿತ್ತು. ಹತ್ತೊಂಬತ್ತು ಪುಟದ ಒಪ್ಪಿಗೆ ಪತ್ರ ಹಿಡಿದು ಅವರೇ ಬಂದರು. ಆಕೆಯ ಜೊತೆಗೆ ನಾನೂ ಕೂತಿದ್ದೆ.

"ನಂಗೆ ಹಾಳೆ ಹಾಕ್ತೀರೋ, ಇಲ್ವೋ?"

"ಅದನ್ನ ಕಂಪ್ಯೂಟರ್ ಚೀಟಿ ಎತ್ತಿ ತೀರ್ಮಾನ ಮಾಡುತ್ತೆ. ಕೊಬ್ಬು ಮಾತ್ರ ಎಲ್ಲರಿಂದ್ಲೂ ತೆಗೀತೀವಿ. ಯಾರಿಗೆ ಹಾಕಿದ್ವಿ ಅಂತ ಹೇಳೋ ಹಾಗಿಲ್ಲ."

"ಹಂದಿಗೂ ಹೇಳ್ತಿರ್ಲಿಲ್ಲ ಬಿಡಿ." ಆಕೆ ಪುಟ ತಿರುಗಿಸಿದಳು. "ಹದಿನಾಲ್ಕನೇ ದಿನ ನಂಗೇನ್ಮಾಡ್ತೀರಾ?"

ಡಾಕ್ಟರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅಷ್ಟರಲ್ಲಿ ಮನೆಗೆ ಕಳಿಸಿರ್ತೀವಿ."

"ಬರ್ದುಕೊಡಿ."

ಅವರು ಪುಟದ ಅಂಚಿನಲ್ಲಿ ಬರೆದು, ಸಹಿಯ ಬದಲು ತಮ್ಮ ಹೆಸರಿನ ಮುದ್ರೆ ಒತ್ತಿದರು. ಆಕೆ ತನ್ನದನ್ನೂ ಒತ್ತಿದಳು.

ಶಸ್ತ್ರಚಿಕಿತ್ಸೆಯ ಎರಡನೆಯ ದಿನ ನೋಡಲು ಹೋದೆ. ಹಾಸಿಗೆಯಲ್ಲಿ ನೆಟ್ಟಗೆ ಮಲಗಿದ್ದಳು.

"ಹೇಗಿದೆ ಅಕ್ಕಾ?"

"ಇಷ್ಟು ನೋಯುತ್ತೆ ಅಂತ ಗೊತ್ತಿರ್ಲಿಲ್ಲ ಕಣೇ," ಅಂದಳು. ಕೆಳಗಿನ ಹಾಸಿಗೆಯನ್ನು ಕೈಯಿಂದ ಒತ್ತಿ ನೋಡಿ, "ಗೊತ್ತಿದ್ರೆ ಅವಕ್ಕೆ ಇನ್ನೊಂಚೂರು ಹುಲ್ಲು ಹಾಸ್ತಿದ್ದೆ" ಅಂದಳು. ಆಮೇಲೆ ಗೋಡೆಯ ಕಡೆ ಮುಖ ಮಾಡಿದಳು. ನಾನು ತಂದಿದ್ದ ಕಿತ್ತಳೆಯನ್ನು ಮೇಜಿನ ಮೇಲಿಟ್ಟು ಅರ್ಧ ಗಂಟೆ ಕೂತು ಬಂದೆ.

ಐದನೆಯ ದಿನ ಬೆಳಿಗ್ಗೆ ಮಲ ವಿಸರ್ಜನೆಯಾಯಿತು, ಅಂದರೆ ಹೊಲಿದ ಕರುಳು ಮತ್ತೆ ಕೆಲಸ ಶುರು ಮಾಡಿತ್ತು. ಸುದ್ದಿ ಕೇಳಿ ಕುವಹಾತಾ ಸಭೆಯಿಂದ ಎದ್ದು ಬಂದು, ಮಂಚದ ಮುಂದೆ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಮಿಸಾವೊಗೂ ಅದು ಸರಿಯೆಂದೇ ಕಂಡಿತು. ಮಲಗಿದ್ದಲ್ಲಿಂದಲೇ ತಲೆ ಬಗ್ಗಿಸಿದಳು. ಹನ್ನೊಂದನೆಯ ದಿನ ಮನೆಗೆ ಹೋದಳು. ನಾಲ್ಕು ತಿಂಗಳಿಗೆ ಕೆಲಸಕ್ಕೆ ಮರಳಿ, ಮೊದಲ ದಿನವೇ ಎರಡರಷ್ಟು ಹುಲ್ಲು ತರಿಸಿದಳು. ಕಚೇರಿಯವರು ಕಾರಣ ಕೇಳಿದ್ದಕ್ಕೆ ಅರ್ಜಿಯಲ್ಲಿ "ನೋಯುತ್ತದೆ" ಎಂದಷ್ಟೇ ಬರೆದಳು. ಮಂಜೂರಾಯಿತು.

ಮರುವರ್ಷ ಪ್ರಯೋಗದ ಗುಟ್ಟು ತೆರೆದರು. ಹಾಳೆ ಹಾಕಿದವರಲ್ಲಿ ಸೋರಿಕೆ ಕಡಿಮೆಯಿತ್ತು. ಆದರೆ ರೋಗಿಗಳ ಸಂಖ್ಯೆ ಸಣ್ಣದು, ಖಚಿತವಾಗಿ ಹೇಳುವಂತಿರಲಿಲ್ಲ. ಕುವಹಾತಾ ಹಂದಿಗಳ ಕೋಣೆಗೆ ಬಂದು ಬಕೆಟ್ ಬೋರಲು ಹಾಕಿ ಕೂತರು.

"ನಿಮಗೆ ಹಾಳೆ ಹಾಕಿರ್ಲಿಲ್ಲ ಮಿಸಾವೊ ಅವರೇ. ಬರೀ ಹೊಲಿಗೆ."

"ಮತ್ತೆ ನನ್ನ ಕೊಬ್ಬು?"

"ಫ್ರೀಜರಲ್ಲಿದೆ."

ಆಕೆ ಅವರ ಮುಖ ನೋಡಿದಳು. "ಅದ್ಕೆ ಯಾಕೆ ಇಷ್ಟು ಸಪ್ಪಗಿದ್ದೀರಾ? ನಾನು ಸೋರ್ಬೇಕಿತ್ತಾ?"

"ಛೆ, ಛೆ!" ಅಂದರು ಡಾಕ್ಟರ್. ಅವರಿಗೆ ಸುಳ್ಳು ಹೇಳಿ ರೂಢಿಯಿಲ್ಲ. ಸ್ವಲ್ಪ ಯೋಚಿಸಿ, "ಫಲಿತಾಂಶಕ್ಕೆ ಅನುಕೂಲ ಆಗ್ತಿತ್ತು, ನಿಜ" ಅಂದರು.

ಮಿಸಾವೊ ನಕ್ಕಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಹೊಟ್ಟೆ ಹಿಡಿದುಕೊಂಡು, ಕಂಬಿಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಡಾಕ್ಟರ್ ಮೊದಲು ಗಾಬರಿಯಾದರು, ಆಮೇಲೆ ಅವರೂ ನಕ್ಕರು. ಇಬ್ಬರೂ ಅಲ್ಲೇ ಚಹಾ ಕುಡಿದರು. ಇನ್ನೂರು ಜನರ ಎರಡನೆಯ ಪ್ರಯೋಗಕ್ಕೆ ಅನುಮತಿ ಕೇಳುವ ಅರ್ಜಿ ಆ ವಾರವೇ ಹೋಯಿತು.